ಕಾದ ಉಕ್ಕಿನ ಬಣ್ಣ ನೋಡಿ ಉಳಿಗೆ ಹದ ಕೊಡುವುದು

ಕುಲುಮೆಯಲ್ಲಿ ಕಣ್ಣೇ ಅಳತೆಗೋಲು. ಅದನ್ನು ಧೈರ್ಯವಾಗಿ ನಂಬಬಹುದು. ಕಾದ ಘನವಸ್ತುವಿನ ಹೊಳಪಿನ ಬಣ್ಣವನ್ನು ಬಹುಪಾಲು ನಿರ್ಧರಿಸುವುದು ಅದರ ಬಿಸಿ. ಅದು ಕಬ್ಬಿಣವೋ ಇಟ್ಟಿಗೆಯೋ ಎಂಬುದಲ್ಲ. ಕತ್ತಲಲ್ಲಿ ಘನವಸ್ತುಗಳೆಲ್ಲ ಸುಮಾರು 525 ಡಿಗ್ರಿ ಸೆಲ್ಸಿಯಸ್‌ಗೆ ಮಂದಗೆಂಪಾಗಿ ಕಾಣತೊಡಗುತ್ತವೆ ಎಂದು 1847ರಲ್ಲೇ ವಿಜ್ಞಾನಿ ಜಾನ್ ಡ್ರೇಪರ್ ತೋರಿಸಿದ್ದ.

ವಸ್ತುವಿನೊಳಗಿನ ವಿದ್ಯುದಾವೇಶದ ಕಣಗಳು ಬಿಸಿಗೆ ಸದಾ ಅಲುಗಾಡುತ್ತವೆ, ಅಲುಗಾಡುತ್ತ ವಿಕಿರಣ ಸೂಸುತ್ತವೆ. ಅಂಗೈಮೇಲಿನ ತಣ್ಣನೆಯ ಉಳಿಯೂ ಸೂಸುತ್ತಿದೆ, ಆದರೆ ಅದೆಲ್ಲ ಕಣ್ಣಿಗೆ ಕಾಣದ ಅವಕೆಂಪು. ಶಕ್ತಿ ಕಂತುಕಂತಾಗಿ ಹೊರಬೀಳುತ್ತದೆಂದು 1900ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಪ್ಲಾಂಕ್ ಹಿಡಿದ ಮೇಲೆಯೇ ಇದರ ಲೆಕ್ಕ ಕೂಡಿತು. ಅವಕೆಂಪಿಗಿಂತ ಕೆಂಪು ಬೆಳಕಿನ ಕಂತು ದೊಡ್ಡದು, ನೀಲಿಯದು ಇನ್ನೂ ದೊಡ್ಡದು; ಕಂತು ದೊಡ್ಡದಾದಷ್ಟೂ ಅದು ಹೊರಬೀಳಲು ಹೆಚ್ಚು ಬಿಸಿ ಬೇಕು. ಹಾಗಾಗಿ ಬಿಸಿ ಏರಿದಂತೆ ಮೊದಲು ಕೆಂಪು, ಆಮೇಲೆ ಹಳದಿ, ನೀಲಿಯೂ ಸಾಕಷ್ಟು ಬೆರೆತಾಗ ಬಿಳಿ. 800 ಡಿಗ್ರಿಯಲ್ಲೂ ವಿಕಿರಣ ಅತಿ ಹೆಚ್ಚಾಗಿರುವುದು ಅವಕೆಂಪಿನಲ್ಲೇ. ಮುಖಕ್ಕೆ ಅಷ್ಟು ಝಳ ಹೊಡೆದರೂ ಬೆಳಕು ಇಷ್ಟೇ ಇರುವುದು ಅದಕ್ಕೇ.

ಮೊದಲು ನೆರಳು ಮಾಡಿಕೊಳ್ಳಿ. ಬಿಸಿಲಿಗೆ ಮಂದಗೆಂಪು ಕಾಣುವುದೇ ಇಲ್ಲ. ಕಾಣುವಷ್ಟರಲ್ಲಿ ಉಕ್ಕು ಮಿತಿಮೀರಿ ಕಾದಿರುತ್ತದೆ. ಜಿಂಕ್ ಲೇಪದ ಕಬ್ಬಿಣವನ್ನು ಕುಲುಮೆಗೆ ಹಾಕಲೇಬೇಡಿ, ಅದರ ಹೊಗೆ ಜ್ವರ ತರಿಸುತ್ತದೆ.

ಬಣ್ಣಗಳು ಸುಮಾರಾಗಿ ಹೀಗೆ: 600ರ ಆಸುಪಾಸು ಹೆಪ್ಪುಗಟ್ಟಿದ ರಕ್ತದ ಕೆಂಪು, 800ಕ್ಕೆ ದಾಳಿಂಬೆ ಕಾಳಿನ ಕೆಂಪು, 1000ಕ್ಕೆ ಕಿತ್ತಳೆ, 1200ಕ್ಕೆ ಹಳದಿ. ಬಿಳಿಯಾಗಿ ಕಿಡಿ ಸಿಡಿದರೆ ಉಕ್ಕು ಸುಟ್ಟಿತೆಂದೇ ಅರ್ಥ, ಆ ತುಂಡು ಮತ್ತೆ ಹದಕ್ಕೆ ಬಾರದು.

ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಉಳಿಯಾದರೆ ಬಾಯಿಯ ಕಡೆಯ 4–5 ಸೆಂ.ಮೀ. ಭಾಗವನ್ನು ನಿಧಾನವಾಗಿ ಕಾಯಿಸಿ. ಕೆಂಪೇರಿದಾಗ ಹತ್ತಿರದಿಂದ ನೋಡಿ: ಒಳಗೆ ಮೋಡದಂಥ ಕಪ್ಪು ನೆರಳುಗಳು ಸರಿದಾಡುತ್ತವೆ. ಉಕ್ಕಿನ ಒಳರಚನೆ ಬದಲಾಗುವಾಗ ಶಾಖವನ್ನು ನುಂಗುತ್ತದೆ, ಆ ಜಾಗ ಸ್ವಲ್ಪ ಹೊತ್ತು ಹಿಂದೆ ಬೀಳುತ್ತದೆ. ನೆರಳು ಪೂರ್ತಿ ಕರಗುವ ತನಕ ಕಾಯಿರಿ. ಅನುಮಾನವಿದ್ದರೆ ತಂತಿಗೆ ಕಟ್ಟಿದ ಆಯಸ್ಕಾಂತ ತಾಗಿಸಿ. ಸುಮಾರು 770 ಡಿಗ್ರಿಗೆ ಕಬ್ಬಿಣ ಅದನ್ನು ಬಿಟ್ಟುಬಿಡುತ್ತದೆ. ಅಲ್ಲಿಂದ ಬಣ್ಣ ಇನ್ನೊಂದು ಛಾಯೆ ಏರಲಿ, 830ರ ಸುಮಾರು. ಅದಕ್ಕಿಂತ ಮುಂದೆ ಹೋದರೆ ಉಕ್ಕಿನೊಳಗಿನ ಹರಳುಕಣ ದಪ್ಪವಾಗಿ ಬಾಯಿ ಚಕ್ಕೆ ಏಳುತ್ತದೆ. 830ರ ಆ ಬಣ್ಣ ಬಂದೊಡನೆ ಬೆಚ್ಚಗಿನ ಎಣ್ಣೆಗೆ ನೇರವಾಗಿ ಇಳಿಸಿ. ಈ ಉಕ್ಕನ್ನು ನೀರಿಗೆ ಅದ್ದಿದರೆ ಬಿರುಕು ಬಿಡುವ ಸಂಭವ ಹೆಚ್ಚು. ಅದ್ದಿದ ಎಣ್ಣೆ ಹೊತ್ತಿಕೊಳ್ಳಬಹುದು, ಮುಚ್ಚಳ ಕೈಗೆಟಕುವಲ್ಲಿ ಇರಲಿ. ಅರ ಹಾಕಿದಾಗ ಕಚ್ಚದೆ ಜಾರಿದರೆ ಗಟ್ಟಿಯಾಗಿದೆ.

ಈಗ ಅದು ಗಾಜಿನಂತೆ ಬಿರುಸು, ಹಾಗೇ ಬಳಸಬಾರದು. ಬಾಯನ್ನು ಹೊಳೆಯುವಂತೆ ಉಜ್ಜಿ ಹಿಂಭಾಗದಿಂದ ಮೆಲ್ಲಗೆ ಕಾಯಿಸಿ. ಒಣಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ ಒಂದರ ಹಿಂದೊಂದು ತುದಿಯತ್ತ ತೆವಳಿ ಬರುತ್ತವೆ. ಹೆಚ್ಚಿನವರು ಎಡವುವುದು ಇಲ್ಲೇ. ಇದು ಕಾವಿನ ಬೆಳಕಲ್ಲ, ಬಿಸಿಯೂ 220ರಿಂದ 300 ಡಿಗ್ರಿಯಷ್ಟೇ. ಮೇಲ್ಮೈಯ ತೆಳು ಆಕ್ಸೈಡ್ ಪದರದಲ್ಲಿ ಹೊರಗಿನ ಬೆಳಕು ಪ್ರತಿಫಲಿಸಿ ಮೂಡುವ ಬಣ್ಣ. ಆದ್ದರಿಂದ ಇದನ್ನು ನೋಡಲು ನೆರಳು ಸಾಲದು, ಒಳ್ಳೆಯ ಬೆಳಕೇ ಬೇಕು. ಮರದ ಕೆಲಸದ ಉಳಿಗೆ ಹುಲ್ಲಿನ ಹಳದಿ, ಸುತ್ತಿಗೆ ಏಟು ತಿನ್ನುವ ಚಾಣಕ್ಕೆ ನೇರಳೆ ತುದಿ ಮುಟ್ಟಿದೊಡನೆ ನೀರಿಗೆ ಅದ್ದಿ ಅಲ್ಲಿಗೇ ನಿಲ್ಲಿಸಿ.