ವೈರಮುಡಿಗೆ ಅಮ್ಮನನ್ನು ಕರೆದುಕೊಂಡು ಹೋದದ್ದು

ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಹೋದ ಮೊದಲ ವರ್ಷ ನಾನು ಮಾಡಿದ್ದು ಶುದ್ಧ ದಡ್ಡತನ. ರಾತ್ರಿ ಎಂಟಕ್ಕೆ ಮೇಲುಕೋಟೆ ತಲುಪಿ, ಸೀದಾ ಚೆಲುವನಾರಾಯಣಸ್ವಾಮಿ ದೇವಸ್ಥಾನದ ಬಾಗಿಲ ಮುಂದೆ ಹೋಗಿ ನಿಂತೆ. ದೇವರು ಹೊರಗೆ ಬಂದಾಗ ನನಗೆ ಕಂಡದ್ದು ಮುಂದಿನವರು ಎತ್ತಿ ಹಿಡಿದ ಮೊಬೈಲುಗಳು ಮಾತ್ರ. ನೂಕುನುಗ್ಗಲಲ್ಲಿ ಒಂದು ಚಪ್ಪಲಿಯೂ ಹೋಯಿತು.

ಮರುವರ್ಷ ಅಮ್ಮ ತಾನೂ ಬರ್ತೀನಿ ಅಂದರು. ವಯಸ್ಸು 72, ಜೊತೆಗೆ ಮಂಡಿನೋವು. ಹಾಗಾಗಿ ಹಿಂದಿನ ದಿನವೇ ಹೋಗಿ ಪರಿಚಯದವರ ಮನೆಯಲ್ಲಿ ಉಳಿದೆವು. ಮೂಲದೇವರ ದರ್ಶನ ಅವತ್ತೇ ಮುಗಿಸಿಬಿಟ್ಟೆವು. ಬೆಟ್ಟದ ಮೇಲಿನ ಯೋಗನರಸಿಂಹನಿಗೆ ಅಮ್ಮ ಕಲ್ಯಾಣಿಯ ಹತ್ತಿರದಿಂದಲೇ ಕೈ ಮುಗಿದರು. ಮೆಟ್ಟಿಲು ಹತ್ತಿಸಿ ಸುಸ್ತು ಮಾಡಿಸಿದ್ದರೆ ರಾತ್ರಿ ಕಥೆ ಮುಗಿದಂತೆ.

ವೈರಮುಡಿ ಅಂದರೆ ದೇವರ ವಜ್ರದ ಕಿರೀಟ. ಅದು ವರ್ಷವಿಡೀ ಇರುವುದು ಮಂಡ್ಯದ ಖಜಾನೆಯಲ್ಲಿ. ಉತ್ಸವದ ದಿನ ಬೆಳಿಗ್ಗೆ ಪೂಜೆ ಮಾಡಿ, ಪೊಲೀಸ್ ಬಂದೋಬಸ್ತಿನಲ್ಲಿ ತರುತ್ತಾರೆ. ದಾರಿಯ ಊರುಗಳಲ್ಲಿ ಜನ ತೋರಣ ಕಟ್ಟಿ, ರಂಗೋಲಿ ಬಿಟ್ಟು ಕಾಯುತ್ತಾರೆ. ನನಗೆ ಉಪಾಯ ಹೊಳೆದದ್ದು ಇಲ್ಲೇ. ಮಧ್ಯಾಹ್ನ ಅಮ್ಮನನ್ನು ಆ ದಾರಿಯಲ್ಲಿರುವ ಜಕ್ಕನಹಳ್ಳಿಗೆ ಕರೆದುಕೊಂಡು ಹೋಗಿ, ಅಂಗಡಿಯೊಂದರ ಜಗಲಿಯಲ್ಲಿ ಕೂರಿಸಿದೆ. ಗಾಡಿ ನಿಂತಿತು, ಮಂಗಳಾರತಿ ಆಯಿತು, ಹೊರಟಿತು. ಕಂಡದ್ದು ಪೆಟ್ಟಿಗೆ ಅಷ್ಟೇ. ಕಿರೀಟ ಒಳಗೆ. ಅಮ್ಮನಿಗೆ ಕಣ್ಣೀರೇ ಬಂತು. ನನಗೆ ಮಾತ್ರ, ಇಷ್ಟೇನಾ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಕಿರೀಟಕ್ಕೆ ಹಗಲು ಬೆಳಕು ತಾಗಬಾರದು ಅನ್ನುವುದು ನಂಬಿಕೆ. ಅರ್ಚಕರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಉತ್ಸವಮೂರ್ತಿ ಚೆಲುವಪಿಳ್ಳೆಗೆ ಅದನ್ನು ಮುಡಿಸುತ್ತಾರಂತೆ. ವಿರೋಚನ ಅನ್ನುವ ಅಸುರ ಕದ್ದೊಯ್ದಿದ್ದ ವಿಷ್ಣುವಿನ ಕಿರೀಟವನ್ನು ಗರುಡ ಬಿಡಿಸಿ ತಂದ ಅಂತ ಕಥೆ. ಅದಕ್ಕೇ ಉತ್ಸವವೂ ಗರುಡವಾಹನದ ಮೇಲೆ.

ರಾತ್ರಿ ಈ ಸಲ ಬಾಗಿಲ ಕಡೆ ತಲೆಯನ್ನೇ ಹಾಕಲಿಲ್ಲ. ಉತ್ಸವ ಹೇಗೂ ಬೀದಿ ಸುತ್ತುತ್ತದೆ, ಅಲ್ವಾ? ತಿರುವಿನ ಹತ್ತಿರ ಒಂದು ಹಳೇ ಮನೆಯ ಜಗಲಿ ಹಿಡಿದೆವು. ಮನೆಯವರನ್ನು ಕೇಳಿದ್ದಕ್ಕೆ ಚಾಪೆಯನ್ನೂ ಕೊಟ್ಟರು. ಶಾಲು, ನೀರಿನ ಬಾಟಲಿ, ಅಮ್ಮನ ಮಾತ್ರೆ ಜೊತೆಗಿದ್ದವು. ಬೇಸಿಗೆ ಅಂತ ಶಾಲು ಬಿಟ್ಟು ಹೋಗಬೇಡಿ, ಬೆಟ್ಟದ ಊರು, ನಡುರಾತ್ರಿ ಗಾಳಿ ಬೀಸುತ್ತದೆ.

ಹನ್ನೆರಡು ದಾಟಿದ ಮೇಲೆ ಜನ ಕರಗತೊಡಗಿದರು. ಮೊದಲು ಕೇಳಿಸಿದ್ದು ತಮಿಳು ಪ್ರಬಂಧದ, ಅಂದರೆ ಆಳ್ವಾರರ ಭಕ್ತಿಪದ್ಯಗಳನ್ನು ಹೇಳುವವರ ಗೋಷ್ಠಿ. ಅದು ದೇವರ ಮುಂದೆ, ವೇದಘೋಷ ದೇವರ ಹಿಂದೆ. ಭಗವಂತ ಪ್ರಬಂಧದ ಬೆನ್ನಟ್ಟಿ ಹೋಗುತ್ತಾನೆ, ವೇದ ಅವನ ಬೆನ್ನಟ್ಟಿ ಬರುತ್ತದೆ ಅಂತ ಪಕ್ಕದಲ್ಲಿದ್ದ ಅಯ್ಯಂಗಾರ್ ಅಜ್ಜ ಒಬ್ಬರು ವಿವರಿಸಿದರು. ಆಮೇಲೆ ಗರುಡ ಬಂದ. ತಿರುವಿನಲ್ಲಿ ಹೊತ್ತವರು ಹೆಜ್ಜೆ ನಿಧಾನ ಮಾಡಿದರು, ಮುಡಿ ಒಮ್ಮೆ ನಮ್ಮ ಕಡೆ ತಿರುಗಿ ಫಳಕ್ಕನೆ ಹೊಳೆಯಿತು. ಮೊಬೈಲ್ ತೆಗೆಯೋದು ನನಗೆ ಮರೆತೇ ಹೋಯಿತು.

ಆಮೇಲೆ ಮೈಸೂರಿನ ಅರಸ ರಾಜ ಒಡೆಯರ್ ಕೊಟ್ಟ ಇನ್ನೊಂದು ಕಿರೀಟ, ರಾಜಮುಡಿಯ ಉತ್ಸವವೂ ಇರುತ್ತದೆ. ಅಷ್ಟು ಹೊತ್ತಿಗೆ ಅಮ್ಮ ಚಾಪೆಯ ಮೇಲೆ ಗಾಢ ನಿದ್ದೆ. ಎಬ್ಬಿಸಲಿಲ್ಲ. ಬೆಳಿಗ್ಗೆ ಪುಳಿಯೋಗರೆ ತಿನ್ನುತ್ತಾ, "ನನ್ನನ್ನ ಯಾಕೋ ಎಬ್ಬಿಸಲಿಲ್ಲ?" ಅಂತ ಚೆನ್ನಾಗಿ ಬೈದರು.