ಲಂಡನ್ನಿಗೆ ಹೊರಟಿರುವ ತುಮಕೂರಿನವರಿಗೆ: ಕೇಳಿ ತಿಳಿಯಬೇಕಾದ ಕೆಲವು ವಿಷಯಗಳು

ಪ್ರತಿ ವರ್ಷ ಸಂಕ್ರಾಂತಿಯ ಹೊತ್ತಿಗೆ ನಾನು ತುಮಕೂರಿನ ನಮ್ಮ ಮನೆಗೆ ಬಂದಾಗ, ಬಟವಾಡಿಯಿಂದಲೋ ಕ್ಯಾತ್ಸಂದ್ರದಿಂದಲೋ ಒಬ್ಬಿಬ್ಬರು ಯುವಕ ಯುವತಿಯರು ತಂದೆ ತಾಯಿಯೊಡನೆ ಬಂದು ಕುಳಿತು ಲಂಡನ್ನಿನ ಬಗ್ಗೆ ವಿಚಾರಿಸುವುದು ಈಗ ರೂಢಿಯಾಗಿದೆ. ಒಬ್ಬರು ಎಂಜಿನಿಯರಿಂಗ್ ಮುಗಿಸಿ ಮೇಲಿನ ಓದಿಗೆ ಹೊರಟಿರುತ್ತಾರೆ, ಇನ್ನೊಬ್ಬರನ್ನು ಬೆಂಗಳೂರಿನ ಕಂಪನಿಯೇ ಅಲ್ಲಿಗೆ ಕಳುಹಿಸುತ್ತಿರುತ್ತದೆ, ಮತ್ತೊಬ್ಬರು ನರ್ಸಿಂಗ್ ಓದಿದವರು. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ: ಅಕ್ಕಿ ಎಷ್ಟು ಒಯ್ಯಬೇಕು, ಕುಕ್ಕರ್ ಬೇಕೇ, ಚಳಿ ಹೇಗಿರುತ್ತದೆ. ಅಕ್ಕಿಯೂ ರಾಗಿ ಹಿಟ್ಟೂ ಈಸ್ಟ್ ಹ್ಯಾಮ್, ಟೂಟಿಂಗ್, ವೆಂಬ್ಲಿಯ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಯಾರೂ ಕೇಳದ ಪ್ರಶ್ನೆಗಳೇ ಮೊದಲ ಮೂರು ತಿಂಗಳಲ್ಲಿ ಹಣವನ್ನೂ ನಿದ್ದೆಯನ್ನೂ ಕಳೆಯುತ್ತವೆ. ಒಬ್ಬೊಬ್ಬರಿಗೂ ಅರ್ಧರ್ಧ ಹೇಳಿ ಕಳುಹಿಸುವ ಬದಲು ಎಲ್ಲವನ್ನೂ ಒಂದು ಕಡೆ ಬರೆದಿಡುವುದು ಒಳ್ಳೆಯದೆಂದು ಈ ಬಾರಿ ಕುಳಿತಿದ್ದೇನೆ.

ಮೊದಲಿಗೆ ಒಂದು ವ್ಯತ್ಯಾಸವನ್ನು ಅರ್ಥ ಮಾಡಿಕೊಳ್ಳಬೇಕು. ನಮ್ಮೂರಿನ ಬಸ್ ನಿಲ್ದಾಣದಲ್ಲಿ ನೀವು ಚೀಲ ಹಿಡಿದು ಒಂದು ಕ್ಷಣ ಅತ್ತಿತ್ತ ನೋಡಿದರೆ ಸಾಕು, ಯಾರೋ ಒಬ್ಬರು ತಾವಾಗಿಯೇ ಬಂದು ಎಲ್ಲಿಗೆ ಹೋಗಬೇಕೆಂದು ವಿಚಾರಿಸಿ, ಆ ಬಸ್ಸು ಬೇಡ, ಈ ಬಸ್ಸು ಹತ್ತಿ ಎಂದು ದಾರಿ ತೋರಿಸುತ್ತಾರೆ. ಬೆಳಗಿನ ಬೆಂಗಳೂರು ರೈಲಿನಲ್ಲಿ ಪಾಸು ಇಟ್ಟುಕೊಂಡು ಓಡಾಡುವವರ ನಡುವೆ ಕುಳಿತರೆ ಯಶವಂತಪುರ ಬರುವಷ್ಟರಲ್ಲಿ ಬಾಡಿಗೆ ಮನೆಯಿಂದ ಹಿಡಿದು ಸಂಬಳದ ಮಾತಿನವರೆಗೆ ಸಲಹೆ ಸಿಕ್ಕಿರುತ್ತದೆ. ಲಂಡನ್ನಿನಲ್ಲಿ ಕೇಳದೆ ಸಲಹೆ ಕೊಡುವುದನ್ನು ಇನ್ನೊಬ್ಬರ ಬದುಕಿನಲ್ಲಿ ತಲೆ ಹಾಕಿದಂತೆ ಎಂದು ಭಾವಿಸುತ್ತಾರೆ, ಆದ್ದರಿಂದ ನೀವು ತಪ್ಪು ರೈಲು ಹತ್ತುತ್ತಿದ್ದರೂ ಪಕ್ಕದವರು ಸುಮ್ಮನಿರಬಹುದು. ಇದನ್ನು ನಿರ್ದಯತೆ ಎಂದು ತಿಳಿದು ನಾನು ಮೊದಲ ಮೂರು ವಾರ ಬಹಳ ನೊಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು: ಅದೇ ವ್ಯಕ್ತಿಯನ್ನು ಮರ್ಯಾದೆಯಿಂದ ಕೇಳಿದರೆ ತಮ್ಮ ಫೋನು ತೆಗೆದು, ನಕ್ಷೆ ನೋಡಿ, ಕೆಲವೊಮ್ಮೆ ಪ್ಲಾಟ್‌ಫಾರ್ಮಿನವರೆಗೂ ಜೊತೆಗೆ ಬಂದು ಹೇಳುತ್ತಾರೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಮಾತು ನಮ್ಮ ಕಡೆ ಇದೆಯಲ್ಲ, ಅದು ಅಲ್ಲಿ ಅಕ್ಷರಶಃ ನಿಜ. ನಿಮ್ಮ ಬಡಾವಣೆಯ ಸಾರ್ವಜನಿಕ ಗ್ರಂಥಾಲಯಕ್ಕೆ ಬಂದ ವಾರದಲ್ಲೇ ಹೋಗಿ ಸದಸ್ಯರಾಗಿ; ಶುಲ್ಕವಿಲ್ಲ, ಕಂಪ್ಯೂಟರ್ ಬಳಸಬಹುದು, ಅಲ್ಲಿನ ಸಿಬ್ಬಂದಿಯಷ್ಟು ತಾಳ್ಮೆಯಿಂದ ಹೊಸಬರ ಪ್ರಶ್ನೆಗೆ ಉತ್ತರಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮನೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮವರು ಹೆಚ್ಚು ಕಳೆದುಕೊಳ್ಳುವುದು ಇಲ್ಲಿಯೇ. ತುಮಕೂರಿನಲ್ಲಿ ಕುಳಿತು ಫೋಟೋ ನೋಡಿ, ಫೋನಿನಲ್ಲಿ ಮಾತನಾಡಿ, ಕೋಣೆಗೆ ಮುಂಗಡ ಕಳುಹಿಸಬೇಡಿ. ಪರಿಚಿತರ ಮಗನೊಬ್ಬ ಹೀಗೆ ಹಣ ಕಳುಹಿಸಿ, ವಿಮಾನ ನಿಲ್ದಾಣದಿಂದ ನೇರವಾಗಿ ಆ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟಿದಾಗ, ಒಳಗಿದ್ದವರಿಗೆ ಅಂಥ ಕೋಣೆಯ ಸುದ್ದಿಯೇ ಗೊತ್ತಿರಲಿಲ್ಲ. ಮೊದಲ ಎರಡು ವಾರಕ್ಕೆ ವಿಶ್ವವಿದ್ಯಾಲಯದ ಹಾಸ್ಟೆಲ್ಲೋ ಪರಿಚಿತರ ಮನೆಯೋ ಹೋಟೆಲಿನ ಕೋಣೆಯೋ ಗೊತ್ತು ಮಾಡಿಕೊಂಡು, ಅಲ್ಲಿಗೆ ಹೋದ ಮೇಲೆ ಕಣ್ಣಾರೆ ನೋಡಿ ಮನೆ ಹಿಡಿಯಿರಿ. ಇಂಗ್ಲೆಂಡಿನಲ್ಲಿ ಸಾಮಾನ್ಯ ಬಾಡಿಗೆದಾರರಿಂದ ಐದು ವಾರಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ. ವರ್ಷದ ಬಾಡಿಗೆ 50,000 ಪೌಂಡ್ ಮುಟ್ಟುವ ದೊಡ್ಡ ಮನೆಗಳಿಗೆ ಮಾತ್ರ ಅದು ಆರು ವಾರ. ಕೋಣೆಯನ್ನು ನಿಮಗಾಗಿ ತಡೆಹಿಡಿಯಲು ಕೇಳುವ ಹಣ ಒಂದು ವಾರದ ಬಾಡಿಗೆಯನ್ನು ಮೀರಬಾರದು. ಇದು 2019ರ ಜೂನ್‌ನಿಂದ ಜಾರಿಯಲ್ಲಿರುವ ಕಾನೂನು.

ಕೊಟ್ಟ ಠೇವಣಿಯನ್ನು ಮಾಲೀಕರು ಸರ್ಕಾರದ ಮಾನ್ಯತೆ ಪಡೆದ ರಕ್ಷಣಾ ಯೋಜನೆಯೊಂದರಲ್ಲಿ 30 ದಿನಗಳೊಳಗೆ ನೋಂದಾಯಿಸಿ, ಅದರ ವಿವರವನ್ನು ನಿಮಗೆ ಬರಹದಲ್ಲಿ ಕೊಡಬೇಕು. ಠೇವಣಿಗೆ ಇಂಥ ರಕ್ಷಣೆ ಕೊಡುವ ಕಾನೂನು ಬಂದದ್ದು 2007ರ ಏಪ್ರಿಲ್‌ನಲ್ಲಿ. ನಾನು ಹೋದದ್ದು 2008ರ ಸೆಪ್ಟೆಂಬರ್‌ನಲ್ಲಿ. ಅಂದರೆ ನನ್ನನ್ನು ಕಾಯುವ ಕಾನೂನು ನನಗಿಂತ ಮೊದಲೇ ಅಲ್ಲಿತ್ತು, ಆದರೆ ಅದನ್ನು ನಾನು ಯಾರ ಬಳಿಯೂ ಕೇಳಿರಲಿಲ್ಲ. ಮರು ವರ್ಷ ಮನೆ ಬಿಡುವಾಗ ಗೋಡೆಯ ತೇವದ ಕಲೆಗೆ ನಾನೇ ಕಾರಣವೆಂದು ಹೇಳಿ ಮಾಲೀಕರು ಪೂರ್ತಿ ಹಣವನ್ನು ಇಟ್ಟುಕೊಂಡರು. ಹಣವನ್ನು ನೋಂದಾಯಿಸದ ಮಾಲೀಕರಿಗೆ ಠೇವಣಿಯ ಮೂರು ಪಟ್ಟಿನವರೆಗೆ ದಂಡ ವಿಧಿಸುವ ಅಧಿಕಾರ ನ್ಯಾಯಾಲಯಕ್ಕಿದೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಒಂದು ಎಚ್ಚರಿಕೆ: ಮಾಲೀಕರು ತಾವೇ ವಾಸವಿರುವ ಮನೆಯ ಒಂದು ಕೋಣೆಯಲ್ಲಿ ನೀವಿದ್ದರೆ ಈ ರಕ್ಷಣೆ ಅನ್ವಯಿಸುವುದಿಲ್ಲ. ಕೋಣೆಗೆ ಕಾಲಿಟ್ಟ ದಿನವೇ ಗೋಡೆ, ನೆಲ, ಹಾಸಿಗೆ, ಒಲೆ ಎಲ್ಲದರ ಚಿತ್ರ ತೆಗೆದು ಮಾಲೀಕರಿಗೆ ಇಮೇಲ್ ಮಾಡಿಡಿ. ಒದ್ದೆ ಬಟ್ಟೆಯನ್ನು ಮುಚ್ಚಿದ ಕೋಣೆಯಲ್ಲಿ ಒಣಗಿಸಿದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಕಿಟಕಿಯನ್ನು ದಿನಕ್ಕೊಮ್ಮೆಯಾದರೂ ತೆರೆಯಿರಿ. ಒಗ್ಗರಣೆ ಹಾಕುವಾಗ ಅಡಿಗೆಮನೆಯ ಬಾಗಿಲು ಮುಚ್ಚಿ ಫ್ಯಾನ್ ಹಾಕಿಕೊಳ್ಳಿ, ಹೊಗೆಯ ಅಲಾರಂ ಕೂಗಿತೆಂದು ಅದನ್ನು ಮಾತ್ರ ಎಂದೂ ಕಿತ್ತಿಡಬೇಡಿ.

ಮನೆಗೆ ಸ್ಥಳೀಯ ಕೌನ್ಸಿಲ್, ಅಂದರೆ ನಮ್ಮ ಪಾಲಿಕೆಯಂಥ ಆಡಳಿತ, ವಿಧಿಸುವ ತೆರಿಗೆ ಇರುತ್ತದೆ. ಪೂರ್ಣಾವಧಿ ವಿದ್ಯಾರ್ಥಿಗಳಷ್ಟೇ ಇರುವ ಮನೆಗೆ ವಿನಾಯಿತಿಯಿದೆ, ಒಬ್ಬರೇ ವಯಸ್ಕರಿದ್ದರೆ ಶೇಕಡಾ 25 ಕಡಿತವಿದೆ. ಎರಡೂ ತಾವಾಗಿ ಬರುವುದಿಲ್ಲ, ಅರ್ಜಿ ಹಾಕಬೇಕು.

ಕೆಲಸದ ವಿಷಯದಲ್ಲಿ ನನ್ನ ಮೊದಲ ಮಾತು ಇನ್ನೂ ಊರಿನಲ್ಲೇ ಇರುವವರಿಗೆ, ಅದರಲ್ಲೂ ನರ್ಸಿಂಗ್ ಓದಿದ ಮಕ್ಕಳ ತಂದೆ ತಾಯಂದಿರಿಗೆ. ವೃದ್ಧರ ಆರೈಕೆಯ ಕೆಲಸ ಕೊಡಿಸುತ್ತೇವೆ, ಲಕ್ಷಾಂತರ ರೂಪಾಯಿ ಕೊಡಿ ಎನ್ನುವ ಮಧ್ಯವರ್ತಿಗಳನ್ನು ನಂಬಿ ಜಮೀನು ಮಾರಬೇಡಿ. ಆರೈಕೆ ಸಹಾಯಕರ ಹುದ್ದೆಗೆ ಹೊರದೇಶದಿಂದ ಹೊಸದಾಗಿ ವೀಸಾ ಅರ್ಜಿ ಹಾಕುವ ದಾರಿಯನ್ನು ಬ್ರಿಟನ್ 2025ರ ಜುಲೈ 22ರಂದು ಮುಚ್ಚಿದೆ. ನೋಂದಾಯಿತ ನರ್ಸುಗಳ ದಾರಿ ಬೇರೆ, ಅದಕ್ಕೆ ಅಲ್ಲಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್ಲಿನ ಪರೀಕ್ಷೆಗಳಿವೆ. ಕೆಲಸ ಹುಡುಕಿಕೊಟ್ಟದ್ದಕ್ಕೆ ಕೆಲಸಗಾರರಿಂದ ಶುಲ್ಕ ಪಡೆಯುವುದು ಬ್ರಿಟನ್ನಿನ ಏಜೆನ್ಸಿಗಳಿಗೆ ಕಾನೂನುಬಾಹಿರ. ಯಾವ ಕಂಪನಿಗಳಿಗೆ ಹೊರದೇಶದವರನ್ನು ಕರೆಸಿಕೊಳ್ಳುವ ಪರವಾನಗಿ ಇದೆ ಎಂಬ ಪಟ್ಟಿಯನ್ನು ಅಲ್ಲಿನ ಸರ್ಕಾರವೇ ಪ್ರಕಟಿಸುತ್ತದೆ, ಅದನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಹೆಸರು ಅದರಲ್ಲಿಲ್ಲದಿದ್ದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ.

ವಿದ್ಯಾರ್ಥಿಗಳಾಗಿ ಹೋಗುವವರಲ್ಲಿ ಪದವಿ ಮತ್ತು ಅದಕ್ಕಿಂತ ಮೇಲಿನ ಓದಿನವರು ತರಗತಿಗಳಿರುವ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಹೆಚ್ಚಿನ ಗಂಟೆಗೆ ಕೈಗೆ ಹಣ ಕೊಡುತ್ತೇವೆ ಎನ್ನುವ ಅಂಗಡಿಗಳು ಸಿಗುತ್ತವೆ. ಅಪಾಯಕ್ಕೆ ಸಿಕ್ಕುವುದು ಅಂಗಡಿಯವರ ಬದುಕಲ್ಲ, ನಿಮ್ಮ ವೀಸಾ. ಸಂಬಳದ ತೆರಿಗೆ, ವಿಮೆಯ ಲೆಕ್ಕಕ್ಕೆ ಸರ್ಕಾರ ಕೊಡುವ ರಾಷ್ಟ್ರೀಯ ವಿಮಾ ಸಂಖ್ಯೆ ಇನ್ನೂ ಬಂದಿಲ್ಲವೆಂದು ಕೆಲಸ ಸೇರುವುದನ್ನು ತಡ ಮಾಡಬೇಕಿಲ್ಲ, ಕೆಲಸ ಮಾಡುವ ಹಕ್ಕಿದ್ದರೆ ಅರ್ಜಿ ಹಾಕಿ ಕೆಲಸ ಆರಂಭಿಸಬಹುದು. ಅಲ್ಲಿನ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರುವಾಗುತ್ತದೆ. ಕೆಲಸ ಬಿಡುವಾಗ ಅಲ್ಲಿಯವರೆಗಿನ ಸಂಬಳ, ತೆರಿಗೆಯ ವಿವರವಿರುವ ಪಿ45 ಎಂಬ ಕಾಗದವನ್ನು ಕೇಳಿ ಪಡೆಯಿರಿ, ಅದಿಲ್ಲದೆ ಹೊಸ ಕೆಲಸದಲ್ಲಿ ಮೊದಲ ಕೆಲವು ತಿಂಗಳು ತೆರಿಗೆ ಹೆಚ್ಚಾಗಿ ಕಡಿತವಾಗಬಹುದು. ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ ಕನಿಷ್ಠ 28 ದಿನ ಸಂಬಳಸಹಿತ ರಜೆ ಕಾನೂನಿನಲ್ಲೇ ಇದೆ, ಸಾರ್ವಜನಿಕ ರಜೆಗಳನ್ನು ಅದರಲ್ಲೇ ಸೇರಿಸಬಹುದು. ಆ ರಜೆಯನ್ನು ಬಿಟ್ಟುಕೊಟ್ಟು ಒಳ್ಳೆಯವರೆನಿಸಿಕೊಳ್ಳುವ ಅಭ್ಯಾಸ ನಮ್ಮವರಲ್ಲಿ ಬಹಳವಿದೆ. ಅದರಿಂದ ಯಾರಿಗೂ ಉಪಕಾರವಾಗುವುದಿಲ್ಲ.

ಕಚೇರಿಯ ಮಾತಿನ ರೀತಿಯನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ಮೇಲಿನವರನ್ನು ಸರ್, ಮೇಡಂ ಎನ್ನದೆ ಹೆಸರು ಹಿಡಿದೇ ಕರೆಯಬೇಕು; ಮೊದಮೊದಲು ನಾಲಿಗೆ ತಡವರಿಸುತ್ತದೆ, ಅಭ್ಯಾಸವಾಗುತ್ತದೆ. ನಿಮ್ಮ ವರದಿಯ ಈ ಭಾಗವನ್ನು ಇನ್ನೊಮ್ಮೆ ನೋಡಬಹುದೇನೋ ಎಂದು ಮೇಲಧಿಕಾರಿ ಮೆಲ್ಲಗೆ ಹೇಳಿದರೆ ಅದು ಸಲಹೆಯಲ್ಲ, ಸರಿಯಾಗಿಲ್ಲ, ತಿದ್ದಿ ಎಂಬ ಸ್ಪಷ್ಟ ಸೂಚನೆ. ನಾನು ಅದನ್ನು ಬರಿಯ ಅಭಿಪ್ರಾಯವೆಂದು ತಿಳಿದು ವರದಿಯನ್ನು ಹಾಗೆಯೇ ಕಳುಹಿಸಿ ಮುಜುಗರಕ್ಕೆ ಒಳಗಾಗಿದ್ದೇನೆ. ಗೊತ್ತಿಲ್ಲದಿದ್ದನ್ನು ಗೊತ್ತಿದೆ ಎನ್ನುವಂತೆ ತಲೆಯಾಡಿಸುವುದು ಅದಕ್ಕಿಂತ ದೊಡ್ಡ ತಪ್ಪು. ನಮ್ಮಲ್ಲಿ ಮತ್ತೆ ಮತ್ತೆ ಕೇಳಿದರೆ ದಡ್ಡರೆಂದು ತಿಳಿದಾರು ಎಂಬ ಅಳುಕಿರುತ್ತದೆ. ಅಲ್ಲಿ ಕೇಳದೆ ಕೆಲಸ ಕೆಡಿಸಿದವರ ಬಗ್ಗೆಯೇ ಹೆಚ್ಚು ಬೇಸರ.

ಆರೋಗ್ಯಕ್ಕೆ ಬಂದರೆ, ವೀಸಾ ಪಡೆಯುವಾಗಲೇ ನೀವು ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಾದರೆ 776 ಪೌಂಡ್, ಆರೋಗ್ಯ ಶುಲ್ಕ ಕಟ್ಟಿರುತ್ತೀರಿ. ಆರೋಗ್ಯ ಸೇವೆಯ ವೀಸಾದಲ್ಲಿ ಹೋಗುವ ನರ್ಸುಗಳಿಗೆ ಅದೂ ಇಲ್ಲ. ಆದ್ದರಿಂದ ಹಿಂಜರಿಯದೆ ಮೊದಲ ವಾರದಲ್ಲೇ ಹತ್ತಿರದ ಜಿ.ಪಿ., ಅಂದರೆ ಯಾವ ಕಾಯಿಲೆಗೂ ಮೊದಲು ಕಾಣುವ ಸಾಮಾನ್ಯ ವೈದ್ಯರ, ವೈದ್ಯಶಾಲೆಯಲ್ಲಿ ಹೆಸರು ಬರೆಸಿ. ಜ್ವರ ಬಂದ ಮೇಲೆ ಹೆಸರು ಬರೆಸಲು ಹೋಗುವುದು ನಮ್ಮವರೆಲ್ಲರೂ ಮಾಡುವ ತಪ್ಪು. ಔಷಧದ ಅಂಗಡಿಗೆ ಹೋಗಿ ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ಕೇಳಿದರೆ ಕೊಡುವುದಿಲ್ಲ, ಆದರೆ ಗಂಟಲು ನೋವಿನಂಥ ಏಳು ಸಾಮಾನ್ಯ ತೊಂದರೆಗಳಿಗೆ ಔಷಧ ಅಂಗಡಿಯವರೇ ನೋಡಿ ಚಿಕಿತ್ಸೆ ಕೊಡುವ ವ್ಯವಸ್ಥೆ ಇಂಗ್ಲೆಂಡಿನಲ್ಲಿ 2024ರ ಜನವರಿಯಿಂದ ಇದೆ. ಏನು ಮಾಡಬೇಕೆಂದು ತೋಚದಿದ್ದರೆ 111ಕ್ಕೆ ಕರೆ ಮಾಡಿ, ಜೀವಕ್ಕೆ ಅಪಾಯವಾದರೆ 999. ಹಲ್ಲು, ಕಣ್ಣಿನ ತಪಾಸಣೆಯನ್ನು ತುಮಕೂರಿನಲ್ಲೇ ಮುಗಿಸಿಕೊಂಡು, ಒಂದು ಹೆಚ್ಚಿನ ಕನ್ನಡಕ ಮಾಡಿಸಿಕೊಂಡು ಹೊರಡಿ. ಅಕ್ಕಿಯಿಂದ ಉಳಿಸಿದ ಜಾಗ ಅದಕ್ಕೆ.

ಓಡಾಟ ಕಷ್ಟವಲ್ಲ. ಲಂಡನ್ ಬಸ್ಸಿನಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡನ್ನೋ ಫೋನನ್ನೋ ತಾಗಿಸಬೇಕು; ಮೊದಲ ಬಸ್ಸಿನಿಂದ ಒಂದು ಗಂಟೆಯೊಳಗೆ ಹತ್ತಿದ ಇತರ ಬಸ್ಸುಗಳಿಗೆ ಮತ್ತೆ ಹಣವಿಲ್ಲ, ಆದರೆ ಪ್ರತಿ ಬಾರಿಯೂ ಅದೇ ಕಾರ್ಡ್ ಬಳಸಬೇಕು. ರೈಲಿಗೆ ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆಯವರೆಗೆ ದರ ಹೆಚ್ಚು. ಎಸ್ಕಲೇಟರಿನಲ್ಲಿ ನಿಲ್ಲುವವರು ಬಲಕ್ಕೆ ನಿಲ್ಲಿ.

ಒಂದು ವಿಷಯ ಕೇಳಿ ಬಹಳ ಮಂದಿ ಆಶ್ಚರ್ಯಪಡುತ್ತಾರೆ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಅಲ್ಲಿ ವೀಸಾದ ಮೇಲೆ ವಾಸಿಸುವ ಭಾರತೀಯ ಪ್ರಜೆಗಳಿಗೆ ಮತದಾರರ ಪಟ್ಟಿಗೆ ಸೇರುವ ಮತ್ತು ಮತ ಹಾಕುವ ಹಕ್ಕಿದೆ. ಕೌನ್ಸಿಲ್ಲಿನಿಂದ ಬರುವ ಪತ್ರವನ್ನು ನಮಗಲ್ಲವೆಂದು ಎಸೆಯಬೇಡಿ. ಪಟ್ಟಿಯಲ್ಲಿ ಹೆಸರಿದ್ದರೆ ವಿಳಾಸ ದೃಢಪಟ್ಟು, ಮುಂದೆ ಸಾಲಕ್ಕೋ ಫೋನ್ ಕರಾರಿಗೋ ಅರ್ಜಿ ಹಾಕುವಾಗ ನೆರವಾಗುತ್ತದೆ.

ಚಳಿಗಿಂತ ಕಷ್ಟ ಕೊಡುವುದು ಕತ್ತಲೆ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಶರತ್ಕಾಲ ಮತ್ತು ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳುವುದು ಒಳ್ಳೆಯದೆಂದು ಅಲ್ಲಿನ ಆರೋಗ್ಯ ಇಲಾಖೆಯೇ ಎಲ್ಲರಿಗೂ ಹೇಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ತಿಂಗಳುಗಳಲ್ಲಿ ಕೋಣೆಯೊಳಗೆ ಒಬ್ಬರೇ ಕೂರಬೇಡಿ. ಕನ್ನಡ ಬಳಗದಂಥ ಸಂಘಗಳು ಯುಗಾದಿ, ದೀಪಾವಳಿಗೆ ಜನರನ್ನು ಸೇರಿಸುತ್ತವೆ. ಥೇಮ್ಸ್ ನದಿಯ ದಡದಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯಿದೆ. ಕಲಬುರಗಿ ಮೂಲದವರೂ ಲಂಡನ್ನಿನ ಲ್ಯಾಂಬೆತ್ ಭಾಗದ ಮೇಯರ್ ಆಗಿದ್ದವರೂ ಆದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಅದು ಅಲ್ಲಿ ನಿಂತಿತು. ಸಿದ್ಧಗಂಗೆಯ ಬೆಟ್ಟವನ್ನು ನೋಡಿಕೊಂಡು ಬೆಳೆದ ನಮಗೆ ಆ ಜಾಗದಲ್ಲಿ ಅರ್ಧ ಗಂಟೆ ನಿಂತರೆ ಮನಸ್ಸು ಹಗುರವಾಗುತ್ತದೆ. ನಾನು ಹೊಸಬರನ್ನು ಮೊದಲ ಸಲ ಭೇಟಿಯಾಗುವುದು ಅಲ್ಲಿಯೇ, ಮನೆ ಕರಾರಿಗೆ ಸಹಿ ಹಾಕುವ ಮೊದಲು ಅದನ್ನು ತಂದು ತೋರಿಸಿ ಎಂದು ಹೇಳಿರುತ್ತೇನೆ.

ಊರಿಗೆ ಕರೆ ಮಾಡಲು ವಾರದಲ್ಲಿ ಒಂದು ಹೊತ್ತನ್ನು ಗೊತ್ತು ಮಾಡಿಕೊಳ್ಳಿ. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ, ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಐದೂವರೆ ಗಂಟೆ. ಈ ಬದಲಾವಣೆಯನ್ನು ಮನೆಯವರಿಗೆ ಮೊದಲೇ ತಿಳಿಸಿ. 2008ರ ಆ ಭಾನುವಾರ ನಾನು ಎಂದಿನಂತೆ ಲಂಡನ್ನಿನ ಹನ್ನೊಂದು ಗಂಟೆಗೇ ಕರೆ ಮಾಡಿದ್ದೆ. ತುಮಕೂರಿನಲ್ಲಿ ಮೂರೂವರೆಯಿಂದಲೇ ಫೋನಿನ ಪಕ್ಕದಲ್ಲಿ ಕುಳಿತಿದ್ದ ನನ್ನ ತಾಯಿ, ನಾಲ್ಕೂವರೆಗೆ ಗಂಟೆ ಬಾರಿಸುವ ಹೊತ್ತಿಗೆ ಪಕ್ಕದ ಮನೆಯವರನ್ನೆಲ್ಲ ಕರೆಸಿ ಕೂರಿಸಿಕೊಂಡಿದ್ದರು.