ತುತ್ತಿಗೊಂದು ವಿಡಿಯೊ: ಈ ರೂಢಿಯನ್ನು ಬಿಡಿಸುವುದು ಹೇಗೆ?

ಬಾಯಿ ತೆರೆದರೆ ವಿಡಿಯೊ ಓಡುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಪಕ್ಕದ ಮನೆಯ 3 ವರ್ಷದ ಮಗು ಹೀಗೆ ಒಂದು ಬಟ್ಟಲು ಮೊಸರನ್ನ ಮುಗಿಸಲು ಸುಮಾರು 50 ನಿಮಿಷ ತೆಗೆದುಕೊಂಡದ್ದನ್ನು ನಾನು ಕಂಡಿದ್ದೇನೆ. 2 ವರ್ಷದೊಳಗಿನ ಮಕ್ಕಳಿಗೆ ಮೊಬೈಲ್, ಟಿ.ವಿ.ಗಳ ಪರದೆಯೇ ಬೇಡ, 2ರಿಂದ 5 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು ಎಂಬುದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆ. ಮೂರು ಹೊತ್ತಿನ ಊಟದಲ್ಲೇ ಆ ಮಿತಿ ದಾಟಿಹೋಗುವ ಮನೆಗಳಲ್ಲಿ ಕಡಿತವನ್ನು ತಟ್ಟೆಯ ಮುಂದಿನಿಂದಲೇ ಆರಂಭಿಸಬೇಕು.

ಮೊದಲು ಮನೆಯ ಹಿರಿಯರೆಲ್ಲ ಒಂದೇ ಮಾತಿಗೆ ಬರಲಿ. ಅಮ್ಮ ಬೇಡವೆಂದದ್ದನ್ನು ಅಜ್ಜಿ ಸೆರಗಿನ ಮರೆಯಲ್ಲಿ ಕೊಡುವುದಾದರೆ ಮುಂದಿನ ಹಂತಗಳನ್ನು ಓದುವ ಅಗತ್ಯವಿಲ್ಲ.

ಬಳಿಕ ಒಂದೇ ಒಂದು ಹೊತ್ತನ್ನು ಆರಿಸಿಕೊಳ್ಳಿ. ಅದು ರಜಾದಿನದ ಮಧ್ಯಾಹ್ನದ ಊಟವೇ ಆಗಿರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ರಾತ್ರಿ ಮಗುವಿಗೆ ನಿದ್ದೆಯ ಮಂಪರು, ನಿಮಗೆ ದಣಿವು. ಊಟಕ್ಕೆ 2 ಗಂಟೆ ಮುಂಚೆಯೇ ಹಾಲು, ಬಿಸ್ಕತ್ತು, ಕುರುಕಲುಗಳನ್ನು ನಿಲ್ಲಿಸಿ, ಏಕೆಂದರೆ ಹಸಿವಿಲ್ಲದ ಮಗುವಿಗೆ ಉಣಿಸಲು ಮೊಬೈಲಿಗೆ ಮಾತ್ರ ಸಾಧ್ಯ.

ಬಹುತೇಕರು ಸೋಲುವುದು ತಟ್ಟೆ ಇಟ್ಟ ನಂತರದ ಮೊದಲ 10 ನಿಮಿಷಗಳಲ್ಲಿ. ಮೊಬೈಲನ್ನು ಕಪಾಟಿನ ಮೇಲೆ ಕಾಣುವಂತೆ ಇಡಬೇಡಿ, ಬೇರೆ ಕೋಣೆಯಲ್ಲಿಡಿ. ಅಪ್ಪನ ಮೊಬೈಲೂ ಅಲ್ಲಿಗೇ ಹೋಗಲಿ, ಟಿ.ವಿ.ಯೂ ಆರಿರಲಿ. ಮಗುವನ್ನು ಒಂಟಿಯಾಗಿ ಕೂರಿಸದೆ ಮನೆಯವರ ಪಂಕ್ತಿಯಲ್ಲೇ ಕೂರಿಸಿ, ಎರಡೇ ತುತ್ತಿನಷ್ಟು ಅನ್ನವನ್ನು ಮೆತ್ತಗೆ ಕಲಸಿ ಬಡಿಸಿ, ಸ್ವತಃ ಕೈಯಿಂದ ತಿನ್ನಲು ಬಿಡಿ. ಅನ್ನ ನೆಲಕ್ಕೂ ಅಂಗಿಗೂ ಮೆತ್ತಿಕೊಳ್ಳುತ್ತದೆ, ಮೆತ್ತಿಕೊಳ್ಳಲಿ. ಅಳು ಶುರುವಾದಾಗ ಬೈಯುವುದಾಗಲಿ, ಚಾಕೊಲೇಟಿನ ಆಸೆ ತೋರಿಸುವುದಾಗಲಿ ಕೂಡದು. "ಊಟ ಆದಮೇಲೆ ಆಟ ಆಡೋಣ ಕಂದ" ಎಂದು ಒಮ್ಮೆ ಹೇಳಿ, ನಿಮ್ಮ ಊಟವನ್ನು ಮುಂದುವರಿಸಿ. ಹತ್ತು ನಿಮಿಷ ಅತ್ತ ಮೇಲೆ ಮೊಬೈಲ್ ಕೊಟ್ಟರೆ, ನಾಳೆ ಎಷ್ಟು ಹೊತ್ತು ಅಳಬೇಕೆಂಬ ಲೆಕ್ಕವನ್ನು ನೀವೇ ಕಲಿಸಿದಂತಾಗುತ್ತದೆ. ಅರ್ಧ ಗಂಟೆಯಾದರೂ ತಿನ್ನದಿದ್ದರೆ ಒತ್ತಾಯಿಸದೆ ತಟ್ಟೆ ಎತ್ತಿಡಿ. ಮುಂದಿನ ಹೊತ್ತಿನವರೆಗೆ ನೀರು ಸಾಕು. ಮಗುವಿಗೆ ಜ್ವರವಿದ್ದರೆ ಅಥವಾ ತೂಕ ಸರಿಯಾಗಿ ಏರುತ್ತಿಲ್ಲವಾದರೆ ಈ ಪ್ರಯೋಗಕ್ಕೆ ಮುನ್ನ ವೈದ್ಯರನ್ನು ಕೇಳಿ.

ಮೊಬೈಲ್ ಬಿಡಿಸಿ ಟಿ.ವಿ. ಹಚ್ಚುವುದು ಪರಿಹಾರವಲ್ಲ. ಊಟದ ಕುರ್ಚಿಗೆ ಸಿಕ್ಕಿಸುವ ಮೊಬೈಲ್ ಸ್ಟ್ಯಾಂಡನ್ನು ಮನೆಯೊಳಗೆ ತರಲೇಬೇಡಿ, ಮಾತು ಬಾರದ ಕೂಸಿಗೆ ಅಕ್ಷರ ಕಲಿಸುತ್ತೇವೆನ್ನುವ ಆ್ಯಪ್‌ಗಳಿಗೆ ದುಡ್ಡನ್ನೂ ಸುರಿಯಬೇಡಿ.

ಆ ಹೊತ್ತಿನ ಊಟ ಸಲೀಸಾದ ಮೇಲೆ ಉಳಿದ ಹೊತ್ತುಗಳಿಗೂ ಇದನ್ನೇ ವಿಸ್ತರಿಸಿ.

2 ವರ್ಷ ದಾಟಿದ ಮಗುವಿಗೆ ವಿಡಿಯೊ ತೋರಿಸುವುದೇ ಆದರೆ ಊಟದಿಂದ ದೂರವಾಗಿ, ಮಲಗುವುದಕ್ಕೆ ಕನಿಷ್ಠ 1 ಗಂಟೆ ಮುಂಚೆ ಮುಗಿಯುವಂತೆ ಹೊತ್ತು ಗೊತ್ತುಮಾಡಿ, ಪಕ್ಕದಲ್ಲಿ ಕುಳಿತು ತೋರಿಸಿ. ಒಂದರ ಹಿಂದೊಂದು ವಿಡಿಯೊ ತಾನಾಗಿ ಓಡುವ ಆಟೊಪ್ಲೇ ಸೌಲಭ್ಯವನ್ನು ಮೊದಲೇ ಆರಿಸಿಡಿ. ಕಥೆಯ ನಡುವೆ ಮೊಬೈಲ್ ಕಿತ್ತುಕೊಳ್ಳದೆ, ಅದು ಮುಗಿದಾಗ ಆರಿಸುವ ಗುಂಡಿಯನ್ನು ಮಗುವಿನ ಬೆರಳಿನಿಂದಲೇ ಒತ್ತಿಸಿ. ದೂರದ ಊರಿನಲ್ಲಿರುವ ಅಜ್ಜ ಅಜ್ಜಿಯೊಡನೆ ಆಗಾಗ ವಿಡಿಯೊ ಕರೆಯಲ್ಲಿ ಮಾತಾಡಿಸಲು ಮಾತ್ರ ಪುಟ್ಟ ಕೂಸಿಗೂ ಅಡ್ಡಿಯಿಲ್ಲ.